ಹಿಮದ ಮನೆಯೊಳಗೆ ಬೆಚ್ಚನೆಯ ಬದುಕು

ಹೊರಗೆ ಉಷ್ಣಾಂಶ ಶೂನ್ಯಕ್ಕಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೆ. ಸುತ್ತಮುತ್ತ ಮರವಿಲ್ಲ, ಕಲ್ಲು ಮಣ್ಣುಗಳೆಲ್ಲ ಹೂತುಹೋಗಿವೆ. ಕೈಗೆ ಸಿಗುವುದು ಹಿಮವೊಂದೇ. ಕೆನಡಾದ ಉತ್ತರ ತುದಿಯ ಇನ್ಯೂಟ್ ಜನಾಂಗ ಈ ಹಿಮವನ್ನೇ ಇಟ್ಟಿಗೆಯಂತೆ ಕೊಯ್ದು, ಒಂದೆರಡು ಗಂಟೆಗಳಲ್ಲಿ ಜೀವ ಉಳಿಸುವ ಮನೆ ಕಟ್ಟುವ ವಿದ್ಯೆಯನ್ನು ತಲೆಮಾರುಗಳಿಂದ ಬಲ್ಲದು.

'ಇಗ್ಲು' ಎಂಬುದಕ್ಕೆ ಇನ್ಯೂಟರ ಭಾಷೆಯಲ್ಲಿ ಮನೆ ಎಂದಷ್ಟೇ ಅರ್ಥ. ಅದು ಮರದ್ದೂ ಆಗಿರಬಹುದು, ಹಿಮದ್ದೂ ಆಗಿರಬಹುದು. ಧ್ರುವ ಪ್ರದೇಶದವರೆಲ್ಲರೂ ಹಿಮದ ಮನೆಯಲ್ಲಿದ್ದರೆಂಬ ನಂಬಿಕೆಯೂ ಸರಿಯಲ್ಲ. ಅಲಾಸ್ಕದಲ್ಲಿ ಮಣ್ಣು-ಹುಲ್ಲಿನ ಹೆಂಟೆ ಹೊದಿಸಿದ ಮನೆಗಳೇ ಹೆಚ್ಚು. ಚಳಿಗಾಲವಿಡೀ ಹಿಮದ ಮನೆಗಳಲ್ಲಿ ವಾಸಿಸುತ್ತಿದ್ದವರು ಮುಖ್ಯವಾಗಿ ಮಧ್ಯ ಕೆನಡಾದ ಆರ್ಕ್ಟಿಕ್ ವಲಯ ಹಾಗೂ ಬ್ಯಾಫಿನ್ ದ್ವೀಪದವರು.

ಎಲ್ಲ ಹಿಮವೂ ಮನೆಗೆ ಒದಗದು. ಆಗತಾನೇ ಉದುರಿದ ಹಿಮ ಪುಡಿಯಾಗುತ್ತದೆ. ಪದರ ಪದರವಾಗಿ ಕೂತದ್ದು ಸೀಳಿಹೋಗುತ್ತದೆ. ಒಂದೇ ಬಿರುಗಾಳಿಯಲ್ಲಿ ಒತ್ತಿ ಗಟ್ಟಿಯಾದ ಹಿಮವೇ ಬೇಕು. ಉದ್ದನೆಯ ಸಲಾಕೆಯನ್ನು ಚುಚ್ಚಿ, ಅದು ಒಂದೇ ಸಮನೆ ಇಳಿಯುವ ಜಾಗವನ್ನು ಗುರುತಿಸಲಾಗುತ್ತದೆ. ಮೂಳೆ, ಕೊಂಬು ಅಥವಾ ದಂತದ, ನಂತರದ ದಿನಗಳಲ್ಲಿ ಲೋಹದ ಕತ್ತಿಯಿಂದ ಹಲಗೆಗಳನ್ನು ಕೊಯ್ಯುತ್ತಾರೆ. ಬಹುಪಾಲು ಹಲಗೆಗಳನ್ನು ಮನೆಯ ನೆಲದಿಂದಲೇ ತೆಗೆಯುವುದರಿಂದ ಗೋಡೆ ಏರಿದಂತೆ ನೆಲವೂ ತಗ್ಗಾಗುತ್ತದೆ.

ಮೊದಲ ಸುತ್ತನ್ನು ಇಳಿಜಾರಾಗಿ ಕತ್ತರಿಸುವುದರಲ್ಲಿ ಇಡೀ ಕೌಶಲವಿದೆ. ಅಲ್ಲಿಂದ ಹಲಗೆಗಳು ಬಿಡಿ ಬಿಡಿ ಸಾಲುಗಳಾಗದೆ, ಮಲಗಿದ ಹಾವಿನ ಸುರುಳಿಯಂತೆ ಒಂದೇ ಸಮನೆ ಮೇಲೇರುತ್ತವೆ. ಪ್ರತಿ ಹಲಗೆಯೂ ಕೆಳಗಿನದರ ಮೇಲೆ ಕೂತು, ಪಕ್ಕದ್ದಕ್ಕೆ ಒರಗಿ, ಒಳಮುಖವಾಗಿ ಬಾಗುತ್ತದೆ. ಆಸರೆಯ ಚೌಕಟ್ಟಿನ ಅಗತ್ಯವೇ ಇಲ್ಲ. ಕಟ್ಟುವವನು ಒಳಗೇ ನಿಂತಿರುತ್ತಾನೆ. ನೆತ್ತಿಯ ಕೊನೆಯ ಹಲಗೆಯನ್ನು ಕೂರಿಸಿದ ಬಳಿಕ ಗೋಡೆಯಲ್ಲಿ ಕಿಂಡಿ ಕೊರೆದುಕೊಂಡು ಹೊರಬರುತ್ತಾನೆ. ಸಂದುಗಳಿಗೆ ಮೆತ್ತನೆಯ ಹಿಮ ತುಂಬುವ ಕೆಲಸ ಹೆಚ್ಚಾಗಿ ಹೆಂಗಸರು, ಮಕ್ಕಳದು.

ಇನ್ನು ಬೆಚ್ಚಗಿನ ಗುಟ್ಟು. ಹಿಮದ ಕಣಗಳ ನಡುವೆ ಗಾಳಿ ಸೆರೆಯಾಗಿರುತ್ತದೆ. ಹೀಗಾಗಿ ಗಟ್ಟಿ ಮಂಜುಗಡ್ಡೆಗೆ ಹೋಲಿಸಿದರೆ ಒತ್ತಿದ ಹಿಮದ ಮೂಲಕ ಸುಮಾರು ಹತ್ತನೇ ಒಂದು ಭಾಗದಷ್ಟು ಮಾತ್ರ ಶಾಖ ಹಾಯ್ದುಹೋಗುತ್ತದೆ. ತಗ್ಗಿನ ಸುರಂಗವೇ ಬಾಗಿಲು. ಭಾರವಾದ ತಣ್ಣನೆಯ ಗಾಳಿ ಅಲ್ಲೇ ತಂಗುತ್ತದೆ. ಹಗುರವಾದ ಬಿಸಿಗಾಳಿ ಮೇಲೆ ನಿಲ್ಲುತ್ತದೆ. ಮಲಗುವ ಜಗಲಿಯನ್ನು ಸುರಂಗದ ಬಾಯಿಗಿಂತ ಎತ್ತರದಲ್ಲಿ ಕಟ್ಟಿ, ಕುರುಚಲು ಗಿಡದ ಕಡ್ಡಿಗಳನ್ನೂ ಕ್ಯಾರಿಬೂ ಜಿಂಕೆಯ ಚರ್ಮಗಳನ್ನೂ ಹಾಸುತ್ತಿದ್ದರು.

ಒಲೆಯೂ ದೀಪವೂ ಆಗಿದ್ದುದು 'ಕುಲ್ಲಿಕ್' ಎಂಬ ಬಳಪದ ಕಲ್ಲಿನ ಹಣತೆ. ಸೀಲ್ ಪ್ರಾಣಿಯ ಕೊಬ್ಬು ಅದಕ್ಕೆ ಎಣ್ಣೆ. ಪಾಚಿ ಅಥವಾ ಕಾಡುಹತ್ತಿಯ ಎಳೆ ಬತ್ತಿ. ಅದರ ಕಾವಿಗೆ ಒಳಗೋಡೆ ತುಸು ಕರಗಿ, ಹಿಮವೇ ಆ ನೀರನ್ನು ಹೀರಿ ಮತ್ತೆ ಹೆಪ್ಪುಗಟ್ಟುತ್ತದೆ. ಗೋಡೆ ಬಿಗಿಯಾಗುತ್ತದೆ, ಗಾಳಿ ನುಸುಳದು. ಆದರೆ ಈ ಮಂಜಿನ ಪದರ ದಪ್ಪವಾದಷ್ಟೂ ಶಾಖ ಸೋರತೊಡಗುತ್ತದೆ. ಹಳೆಯ ಹಿಮದ ಮನೆ ಹೊಸದಕ್ಕಿಂತ ತಣ್ಣಗಿರುವುದು ಹೀಗೆ. ಆಗ ಮತ್ತೊಂದನ್ನು ಕಟ್ಟಿಕೊಳ್ಳುವುದೇ ಜಾಣತನ. ಬ್ಯಾಫಿನ್ ದ್ವೀಪದವರು ಒಳಗೆ ಚರ್ಮದ ಪರದೆ ಕಟ್ಟಿ, ಗೋಡೆಗೂ ಅದಕ್ಕೂ ನಡುವೆ ತಂಪು ಗಾಳಿಯ ಅಂತರ ಬಿಡುತ್ತಿದ್ದರು. ಇದರಿಂದ ಒಳಗಿನ ಉಷ್ಣಾಂಶ ಹತ್ತು ಡಿಗ್ರಿ ದಾಟಿದರೂ ಗೋಡೆ ಕರಗುತ್ತಿರಲಿಲ್ಲ.

ನೆತ್ತಿಯಲ್ಲಿ ಸಣ್ಣದೊಂದು ರಂಧ್ರ ಇರಲೇಬೇಕು. ಚಳಿಗೆ ಹೆದರಿ ಅದನ್ನು ಮುಚ್ಚಿದರೆ ದೀಪದ ವಿಷಾನಿಲ ತುಂಬಿ, ಮಲಗಿದವರು ಏಳದೇ ಹೋದಾರು.

1950 ಮತ್ತು 60ರ ದಶಕಗಳಲ್ಲಿ ಕೆನಡಾ ಸರ್ಕಾರದ ವಸತಿ ಕಾಲೊನಿಗಳಿಗೆ ಇನ್ಯೂಟರು ಸ್ಥಳಾಂತರಗೊಂಡ ಮೇಲೆ ಹಿಮದ ಮನೆಗಳಲ್ಲಿ ಕಾಯಂ ವಾಸ ನಿಂತಿತು. ಕಲಿತವರ ಸಂಖ್ಯೆಯೂ ಇಳಿಯಿತು. ಬೇಟೆಗೆ ಹೋದವರ ಹಿಮವಾಹನ ನಡುದಾರಿಯಲ್ಲಿ ಕೆಟ್ಟು ಬಿರುಗಾಳಿ ಎದ್ದರೆ, ಆಸರೆಗೆ ಇಂದಿಗೂ ಒದಗುವುದು ಒಂದು ಕತ್ತಿ ಮತ್ತು ಈ ವಿದ್ಯೆ.