ನೆಲಕ್ಕೆ ಕಿವಿಗೊಟ್ಟ ಗೌರಿಬಿದನೂರು

ಗೌರಿಬಿದನೂರು ಎಂದೊಡನೆ ಹೊರಗಿನವರಿಗೆ ವಿದುರಾಶ್ವತ್ಥದ ಗೋಲಿಬಾರ್ ನೆನಪಾಗುತ್ತದೆ, ಇಲ್ಲವೇ ಹೊಸೂರಿನ ಎಚ್. ನರಸಿಂಹಯ್ಯನವರು. ಭೂಕಂಪ ವಿಜ್ಞಾನಿಗಳಿಗೆ ಮಾತ್ರ ನಮ್ಮೂರು ‘ಜಿಬಿಎ’. ಪರಮಾಣು ಶಕ್ತಿ ಇಲಾಖೆ 1965ರಲ್ಲಿ ಇಲ್ಲಿ ಹಾಕಿದ ಭೂಕಂಪಮಾಪಕಗಳ ಸಾಲಿನ ಹೆಸರದು. ಈಗ ಅದನ್ನು ನಡೆಸುತ್ತಿರುವುದು ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ.

1963ರ ಮಾಸ್ಕೋ ಒಪ್ಪಂದ ವಾತಾವರಣ, ಅಂತರಿಕ್ಷ, ಸಮುದ್ರಗಳಲ್ಲಿ ಅಣ್ವಸ್ತ್ರ ಪರೀಕ್ಷೆ ಮಾಡಕೂಡದೆಂದಿತು, ನೆಲದಡಿಯದನ್ನು ಬಿಟ್ಟುಕೊಟ್ಟಿತು. ಮರುವರ್ಷವೇ ಚೀನಾ ಲೋಪ್ ನೋರ್‌ನಲ್ಲಿ ಮೊದಲ ಬಾಂಬು ಸಿಡಿಸಿತು. ನೆಲದಡಿ ಯಾರು ಏನು ಸಿಡಿಸಿದರೆಂದು ತಿಳಿಯಲು ಬ್ರಿಟನ್ನಿನವರು ಸ್ಕಾಟ್ಲೆಂಡ್, ಕೆನಡಾಗಳಲ್ಲಿ ಕಟ್ಟಿದ್ದ ಮಾದರಿ ಅವರ ಸಹಯೋಗದಲ್ಲೇ ಇಲ್ಲಿಗೂ ಬಂತು. ಇಲ್ಲಿನ ಬಂಡೆ ಹಳೆಯದು, ಗಟ್ಟಿ; ಅಲೆಯ ಗದ್ದಲವೆಬ್ಬಿಸುವ ಕಡಲು ದೂರ.

ಬಡಗಿಯ ಮೂಲೆಮಟ್ಟದಂತೆ ಎರಡು ತೋಳು, ಒಟ್ಟು 20 ಮಾಪಕ, ಒಂದೊಂದು ತೋಳೂ ಇಪ್ಪತ್ತು ಕಿಲೋಮೀಟರಿಗೂ ಉದ್ದ. ಲೋಪ್ ನೋರ್‌ನ ಕಂಪನ ಆರು ನಿಮಿಷದಲ್ಲಿ ಇಲ್ಲಿಗೆ ತಲುಪುತ್ತದೆ. ಆದರೆ ಎಲ್ಲ ಮಾಪಕಗಳನ್ನೂ ಒಟ್ಟಿಗೆ ಮುಟ್ಟುವುದಿಲ್ಲ. ಒಂದು ತುದಿಯಿಂದ ಇನ್ನೊಂದಕ್ಕೆ ಒಂದೆರಡು ಸೆಕೆಂಡಿನ ಅಂತರ. ಆ ಅಂತರದಲ್ಲೇ ಅದು ಬಂದ ದಿಕ್ಕು ಅಡಗಿದೆ. ಅಂತರವನ್ನು ಸರಿಹೊಂದಿಸಿ 20 ದಾಖಲೆಗಳನ್ನೂ ಕೂಡಿದರೆ ಸ್ಥಳೀಯ ಸದ್ದು ಅಳಿಸಿ, ದೂರದ ಕಂಪನ ಎದ್ದು ಕಾಣುತ್ತದೆ. ಸ್ಫೋಟವೋ ಭೂಕಂಪವೋ ಎಂಬುದನ್ನು ಆಮೇಲೆ ಅಲೆಗಳ ಸ್ವಭಾವ ನೋಡಿ ಹೇಳುತ್ತಾರೆ: ಸ್ಫೋಟದಲ್ಲಿ ಮೊದಲ ಅಲೆ ಬಲವಾಗಿದ್ದು, ನೆಲದ ಮೇಲ್ಮೈಯಲ್ಲಿ ಸಾಗುವ ಅಲೆ ಅದಕ್ಕೆ ಹೋಲಿಸಿದರೆ ಸೊರಗಿರುತ್ತದೆ.

1998ರ ಮೇ 28ರಂದು ಪಾಕಿಸ್ತಾನ ಚಾಗೈನಲ್ಲಿ ಐದು ಬಾಂಬು ಸಿಡಿಸಿದೆವೆಂದು ಹೇಳಿಕೊಂಡಾಗ, ನಾಲ್ಕು ನಿಮಿಷ ಚಿಲ್ಲರೆಯಲ್ಲಿ ಆ ಕಂಪನ ಇಲ್ಲಿ ದಾಖಲಾಗಿತ್ತು. ಅವರ ಮಾತನ್ನು ತೂಗಿ ನೋಡಲು ನಮ್ಮ ಕೈಯಲ್ಲೇ ತಕ್ಕಡಿಯಿತ್ತು. ನಮ್ಮ ಪೋಖರಣ್ ಸ್ಫೋಟದ ಬಲದ ಬಗ್ಗೆ ದೇಶವಿದೇಶಗಳಲ್ಲಿ ವಾದ ನಡೆದಾಗಲೂ ಇಲ್ಲಿನ ದಾಖಲೆಯೇ ಮೇಜಿನ ಮೇಲೆ ಬಂತು. ವಾದ ಮುಗಿಯಲಿಲ್ಲ, ಅದು ಬೇರೆ ಮಾತು.

ಸ್ಕಾಟ್ಲೆಂಡ್, ಕೆನಡಾಗಳ ಸೋದರ ಕೇಂದ್ರಗಳು ಇಂದು ವಿಯೆನ್ನಾದ ಅಂತರರಾಷ್ಟ್ರೀಯ ಜಾಲದಲ್ಲಿವೆ. ಆ ಜಾಲಕ್ಕೆ ಆಧಾರವಾದ, 1996ರ ಅಣ್ವಸ್ತ್ರ ಪರೀಕ್ಷೆಗಳ ಸಮಗ್ರ ನಿಷೇಧ ಒಪ್ಪಂದಕ್ಕೆ ಭಾರತ ಸಹಿ ಹಾಕದ್ದರಿಂದ ಜಿಬಿಎ ಹೊರಗುಳಿದಿದೆ. ಅದಕ್ಕಿಂತ ನನಗೆ ಚಿಂತೆಯಾಗಿರುವುದು ಹತ್ತಿರದ ಸದ್ದು. ಜಿಲ್ಲೆಯ ಕಲ್ಲುಕ್ವಾರಿಗಳ ಸಿಡಿಮದ್ದೂ ನೆಲ ನಡುಗಿಸುತ್ತದೆ. ಕ್ವಾರಿಗೆ ಪರವಾನಗಿ ಕೊಡುವ ಮುನ್ನ ಗಣಿ ಇಲಾಖೆಯವರು ಈ 20 ಮಾಪಕಗಳು ಎಲ್ಲೆಲ್ಲಿವೆ ಎಂದೊಮ್ಮೆ ವಿಚಾರಿಸಬೇಕು.