ಕಾಮಾಕ್ಷಿಪಾಳ್ಯ: ಆಸಿಡ್ ನೀರು ಮೋರಿಗೆ ಬಿಟ್ಟರೆ ದಂಡ ಎಷ್ಟು? ಲೆಕ್ಕ ಹಾಕೋದು ಹೀಗೆ

ಕಾಮಾಕ್ಷಿಪಾಳ್ಯ: ಪ್ಲೇಟಿಂಗ್ ಶಾಪಿನಲ್ಲಿ ಬಳಸಿ ಮುಗಿದ ಆಸಿಡ್, ತೊಟ್ಟಿ ತಳದ ಕೆಸರು, ಗ್ಯಾರೇಜಿನ ವೇಸ್ಟ್ ಆಯಿಲ್ ಇವೆಲ್ಲ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮೋರಿಗೆ ಸುರಿದರೆ ಕೊನೆಗೆ ಸೇರೋದು ವೃಷಭಾವತಿಗೆ. ಸಿಕ್ಕಿಬಿದ್ದರೆ ಬೀಳೋ ದಂಡ ಸಾಹೇಬರು ಬರೆದಷ್ಟು ಅಂದುಕೊಂಡರೆ ತಪ್ಪು. ಅದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಿದ ಸೂತ್ರ ಇದೆ. ಹೆಸರು ಪರಿಸರ ಪರಿಹಾರ.

ಐದು ಅಂಕಿ ಗುಣಿಸಬೇಕು. ಮೊದಲನೆಯದು ಉದ್ಯಮದ ವರ್ಗ: ಕೆಂಪು 80, ಕಿತ್ತಳೆ 50, ಹಸಿರು 30. ಎಲೆಕ್ಟ್ರೋಪ್ಲೇಟಿಂಗ್ ಕೆಂಪು, ವಾಹನ ಸರ್ವಿಸ್ ಮತ್ತು ಪೇಂಟಿಂಗ್ ಕಿತ್ತಳೆ. ಆಮೇಲೆ ಎಷ್ಟು ದಿನ ಉಲ್ಲಂಘನೆ ಆಯ್ತು ಅನ್ನೋದು. ಮೂರನೆಯದು ರೂಪಾಯಿ ದರ, 100ರಿಂದ 500ರವರೆಗೆ. ಮಂಡಳಿ ಸೂಚಿಸಿರೋದು 250. ಸಣ್ಣ ಘಟಕ ಆದರೆ 0.5, ಮಧ್ಯಮಕ್ಕೆ 1, ದೊಡ್ಡದಕ್ಕೆ 1.5. ಕೊನೆಗೆ ಊರಿನ ಜನಸಂಖ್ಯೆ. 2011ರ ಜನಗಣತಿಯ 84 ಲಕ್ಷ ಹಿಡಿದರೆ ಬೆಂಗಳೂರಿಗೆ 1.5.

ಒಂದು ಸಣ್ಣ ಪ್ಲೇಟಿಂಗ್ ಶೆಡ್ 30 ದಿನ ಆಸಿಡ್ ನೀರು ಹೊರಗೆ ಬಿಟ್ಟಿದೆ ಅನ್ನೋಣ. 80 × 30 × 250 × 0.5 × 1.5, ಅಂದರೆ 4.5 ಲಕ್ಷ ರೂಪಾಯಿ. ದಿನಕ್ಕೆ 15 ಸಾವಿರ. ಇಷ್ಟರಲ್ಲಿ ಸಣ್ಣ ಶೆಡ್ಡಿನ ಬಾಡಿಗೆ ಎಷ್ಟೋ ತಿಂಗಳು ಕಟ್ಟಬಹುದು. ಅದೇ ಲೆಕ್ಕದಲ್ಲಿ ಸಣ್ಣ ಗ್ಯಾರೇಜಿಗೆ ದಿನಕ್ಕೆ 9,375. ಗುಣಾಕಾರ ಎಷ್ಟೇ ಕಡಿಮೆ ಬಂದರೂ ದಿನಕ್ಕೆ 5 ಸಾವಿರಕ್ಕಿಂತ ಇಳಿಯಲ್ಲ. ಕೆಸರನ್ನು ಅಕ್ರಮವಾಗಿ ಸಾಗಿಸಿದ ಅಥವಾ ಎಲ್ಲೆಲ್ಲೋ ಸುರಿದ ಪ್ರಕರಣಗಳಿಗೆ ತೂಕ ನೋಡಿ ಹಾಕೋ ಬೇರೆ ಲೆಕ್ಕವೂ ಇದೆ.

ಮಾಲೀಕರು ಗಮನಿಸಬೇಕಾದ್ದು ದಿನಗಳ ಲೆಕ್ಕ. ಉಲ್ಲಂಘನೆ ಕಂಡ ದಿನ, ಇಲ್ಲವೇ ಸರಿಪಡಿಸಲು ಕೊಟ್ಟ ಗಡುವು ಮುಗಿದ ದಿನದಿಂದ ಮೀಟರ್ ಓಡುತ್ತೆ. ನಿಲ್ಲೋದು ನೀವು ಪೈಪ್ ಸರಿ ಮಾಡಿಸಿದ ದಿನ ಅಲ್ಲ, ಸರಿಯಾಗಿದೆ ಅಂತ ಮಂಡಳಿ ಪರಿಶೀಲಿಸಿದ ದಿನ. ಹಾಗಾಗಿ ರಿಪೇರಿ ಮುಗಿದ ದಿನವೇ ಮರುತಪಾಸಣೆಗೆ ಲಿಖಿತವಾಗಿ ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಮಂಡಳಿಯ ಬೆಂಗಳೂರು ಪ್ರಾದೇಶಿಕ ಕಚೇರಿಗಳಿರುವ ನಿಸರ್ಗ ಭವನ ಇಲ್ಲೇ ಪಕ್ಕದ ಶಿವನಗರದಲ್ಲಿದೆ.

ಇದಲ್ಲದೆ ಪರಿಸರ ಸಂರಕ್ಷಣಾ ಕಾಯ್ದೆಯ ದಂಡ ಬೇರೆ. ಹಿಂದೆ ಇದಕ್ಕೆ ಜೈಲು ಶಿಕ್ಷೆ ಇತ್ತು. 2024ರ ಏಪ್ರಿಲ್ 1ರಿಂದ ಅದರ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿ ದಂಡ ಬಂದಿದೆ. ನಿರ್ಧರಿಸೋದು ನ್ಯಾಯನಿರ್ಣಯ ಅಧಿಕಾರಿ. ಎಷ್ಟು ಜನಕ್ಕೆ, ಎಷ್ಟು ಜಾಗಕ್ಕೆ ತೊಂದರೆ ಆಯ್ತು, ಎಷ್ಟು ಸಲ, ಎಷ್ಟು ಕಾಲ ನಡೀತು, ತಪ್ಪಿನಿಂದ ಮಾಲೀಕನಿಗೆ ಎಷ್ಟು ಲಾಭ ಆಯ್ತು ಅಂತೆಲ್ಲ ನೋಡ್ತಾರೆ. ಆದೇಶ ಒಪ್ಪಿಗೆ ಇಲ್ಲದಿದ್ದರೆ 60 ದಿನದೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ದಂಡ ಕಟ್ಟದೆ ಕೂತರೆ ಮಾತ್ರ ಜೈಲಿನ ಮಾತು ಮತ್ತೆ ಬರುತ್ತೆ.

ರಾಜ್ಯ ಮಂಡಳಿಗಳು ಪರಿಹಾರ ವಸೂಲಿ ಮಾಡಬಹುದಾ ಅನ್ನೋ ತಕರಾರು ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ನೀರು ಮತ್ತು ವಾಯು ಕಾಯ್ದೆಗಳಡಿ ಮಂಡಳಿಗೆ ಆ ಅಧಿಕಾರ ಇದೆ, ಆದರೆ ಅದಕ್ಕೆ ಸರಿಯಾದ ನಿಯಮಗಳಿರಬೇಕು ಅಂತ 2025ರ ಆಗಸ್ಟ್ 4ರಂದು ಕೋರ್ಟ್ ಹೇಳಿದೆ.

ಟೆಂಪೋದಲ್ಲಿ ಬರೋ ಯಾರಿಗೋ ಆಯಿಲ್ ಡ್ರಮ್ ಮಾರಿದರೆ ಜವಾಬ್ದಾರಿ ಮುಗಿಯಲ್ಲ. ಕೊಳ್ಳುವವನಿಗೂ ಮಂಡಳಿಯ ಪರವಾನಗಿ ಇರಬೇಕು. ಕೆಸರಾದರೆ ದಾಬಸ್‌ಪೇಟೆಯ ವಿಲೇವಾರಿ ಘಟಕಕ್ಕೆ ಕಳಿಸಬಹುದು. 2016ರ ನಿಯಮದಂತೆ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ದಾಸ್ತಾನು ಇಡುವಂತಿಲ್ಲ. ವಾರ್ಷಿಕ ಲೆಕ್ಕವನ್ನು ಫಾರಂ 4ರಲ್ಲಿ ಪ್ರತಿ ವರ್ಷ ಜೂನ್ 30ರೊಳಗೆ ಕೊಡಬೇಕು.