ಟೋಕಿಯೊ ಬೀದಿಯಿಂದ ಅಮೆರಿಕದ ವೇದಿಕೆಗೆ: ಗ್ವೆನ್ ಸ್ಟೆಫಾನಿಯ 'ಹರಾಜುಕು' ಪರ್ವ

ಅಮೆರಿಕದ ಪಾಪ್ ಗಾಯಕಿ ಗ್ವೆನ್ ಸ್ಟೆಫಾನಿ 2023ರ ಜನವರಿಯಲ್ಲಿ ಆಡಿದ ಒಂದು ಮಾತು ಸುಮಾರು ಎರಡು ದಶಕಗಳಷ್ಟು ಹಳೆಯದಾದ ವಿವಾದಕ್ಕೆ ಮರುಜೀವ ನೀಡಿತು. 'ಅಲ್ಯೂರ್' ಎಂಬ ಸೌಂದರ್ಯ ನಿಯತಕಾಲಿಕೆಗೆ ಸಂದರ್ಶನ ನೀಡುತ್ತ, ಟೋಕಿಯೊದ ಹರಾಜುಕು ಬಡಾವಣೆಯನ್ನು ಕಂಡಾಗ ತಾನು ಜಪಾನಿಯೇ, ಆದರೆ ಅದು ತನಗೇ ತಿಳಿದಿರಲಿಲ್ಲ ಎಂದು ಅನ್ನಿಸಿತೆಂದು ಆಕೆ ಹೇಳಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ, ತಂದೆಯ ಕಡೆಯಿಂದ ಇಟಾಲಿಯನ್ ಮೂಲದ ಈ ಗಾಯಕಿಯ ಮಾತನ್ನು ಕೇಳಿಸಿಕೊಂಡ ಸಂದರ್ಶಕಿ ಫಿಲಿಪ್ಪೀನ್ ಮೂಲದ ಅಮೆರಿಕನ್ ಪತ್ರಕರ್ತೆ. ಸ್ಟೆಫಾನಿಯ ಉದ್ದೇಶ ಕೆಟ್ಟದೆಂದು ಆಕೆ ಬರೆಯಲಿಲ್ಲ. ಆದರೆ ಆ ಮಾತು ಏಕೆ ಕಸಿವಿಸಿ ಉಂಟುಮಾಡಿತೆಂಬುದನ್ನು ವಿವರವಾಗಿ ದಾಖಲಿಸಿದರು. ವಿವಾದದ ಬೇರು ಇರುವುದು 2004ರ ನವೆಂಬರ್‌ನಲ್ಲಿ ಬಿಡುಗಡೆಯಾದ, ಸ್ಟೆಫಾನಿಯ ಪ್ರಥಮ ಏಕವ್ಯಕ್ತಿ ಧ್ವನಿಸಂಪುಟ 'ಲವ್. ಏಂಜೆಲ್. ಮ್ಯೂಸಿಕ್. ಬೇಬಿ.'ಯಲ್ಲಿ.

ಹರಾಜುಕು ಎಂದರೇನು?

ಹರಾಜುಕು ಎಂಬುದು ಇಂದು ಟೋಕಿಯೊದ ಅಧಿಕೃತ ವಿಳಾಸವೇ ಅಲ್ಲ. 1965ರ ವಿಳಾಸ ಪರಿಷ್ಕರಣೆಯಲ್ಲಿ ಆ ಹೆಸರು ಕಡತಗಳಿಂದ ಮರೆಯಾಗಿ 'ಜಿಂಗುಮಾಯೆ' ಎಂಬ ಹೆಸರು ಬಂದಿತು. ಆದರೂ ರೈಲು ನಿಲ್ದಾಣದ ಫಲಕದಲ್ಲಿ, ಅದಕ್ಕಿಂತ ಹೆಚ್ಚಾಗಿ ಜನರ ಬಾಯಿಯಲ್ಲಿ ಹಳೆಯ ಹೆಸರೇ ಉಳಿದುಕೊಂಡಿದೆ. ಶಿಬುಯಾ ವಾರ್ಡಿನ ಈ ಪ್ರದೇಶದ ಒಂದು ಮಗ್ಗುಲಲ್ಲಿ 1920ರಲ್ಲಿ ನಿರ್ಮಿತವಾದ ಮೇಜಿ ಮಂದಿರದ ದಟ್ಟ ಕಾಡು ಇದ್ದರೆ, ಇನ್ನೊಂದು ಮಗ್ಗುಲಲ್ಲಿ ಹದಿಹರೆಯದವರ ಬಟ್ಟೆಯಂಗಡಿಗಳಿಂದ ಕಿಕ್ಕಿರಿದ ತಾಕೆಶಿತಾ ಬೀದಿ ಇದೆ.

ಇಲ್ಲಿಯ ಫ್ಯಾಷನ್ ಅಪ್ಪಟ ಜಪಾನಿ ಮಣ್ಣಿನಲ್ಲಿ ತಾನಾಗಿಯೇ ಮೊಳೆತದ್ದೆಂದು ಭಾವಿಸುವುದು ತಪ್ಪಾದೀತು. ಎರಡನೆಯ ಮಹಾಯುದ್ಧದ ನಂತರ ಸಮೀಪದ ಯೊಯೊಗಿಯಲ್ಲಿ ಅಮೆರಿಕದ ಸೈನಿಕ ಕುಟುಂಬಗಳಿಗಾಗಿ 'ವಾಷಿಂಗ್ಟನ್ ಹೈಟ್ಸ್' ಎಂಬ ವಸತಿ ಸಮುಚ್ಚಯ ತಲೆಯೆತ್ತಿತು. ಆ ಕುಟುಂಬಗಳಿಗೆ ಬೇಕಾದ ಅಂಗಡಿಗಳು ಸುತ್ತಲೂ ಬೆಳೆದವು. 1964ರ ಒಲಿಂಪಿಕ್ಸ್‌ಗೆ ಅದೇ ಜಾಗ ಕ್ರೀಡಾಗ್ರಾಮವಾಗಿ, ಮುಂದೆ ಯೊಯೊಗಿ ಉದ್ಯಾನವಾಯಿತು. 1977ರಿಂದ ಭಾನುವಾರಗಳಂದು ವಾಹನ ಸಂಚಾರ ನಿಲ್ಲಿಸಿ ರಸ್ತೆಯನ್ನು ಪಾದಚಾರಿಗಳಿಗೆ ಬಿಟ್ಟುಕೊಟ್ಟಾಗ ಯುವಜನರು ಅಲ್ಲಿ ಗುಂಪುಗಟ್ಟಿ ಕುಣಿಯತೊಡಗಿದರು. ಕಣ್ಣು ಕುಕ್ಕುವ ಬಣ್ಣಗಳ ಜೋಲುಡುಪು ತೊಟ್ಟ 'ತಾಕೆನೊಕೊ' ಗುಂಪಿನವರು ಒಂದೆಡೆಯಾದರೆ, ಎಲ್ವಿಸ್ ಪ್ರೀಸ್ಲಿಯಂತೆ ತಲೆ ಬಾಚಿ ಚರ್ಮದ ಜಾಕೆಟ್ ಧರಿಸಿದ ರಾಕ್ ಕುಣಿತಗಾರರು ಮತ್ತೊಂದೆಡೆ. ಈ ವಾರದ ಜಾತ್ರೆ 1998ರಲ್ಲಿ ನಿಂತುಹೋಯಿತು.

ನಂತರದ ಪೀಳಿಗೆಯ ಚಿತ್ರಣ ಜಗತ್ತಿಗೆ ದೊರೆತದ್ದು ಛಾಯಾಗ್ರಾಹಕ ಶೊಯಿಚಿ ಆಓಕಿ 1997ರಲ್ಲಿ ಆರಂಭಿಸಿದ 'ಫ್ರೂಟ್ಸ್' ಮಾಸಿಕದ ಮೂಲಕ. ಅದರಲ್ಲಿ ವೃತ್ತಿಪರ ರೂಪದರ್ಶಿಗಳಿರಲಿಲ್ಲ. ಬೀದಿಯಲ್ಲಿ ಎದುರಾದ ಹುಡುಗ ಹುಡುಗಿಯರೇ ಇದ್ದರು. ಅಜ್ಜಿಯ ಕಾಲದ ಕಿಮೊನೊ ಪಟ್ಟಿ, ವಿವಿಯನ್ ವೆಸ್ಟ್‌ವುಡ್ ಅವರ ಲಂಡನ್ ಪಂಕ್ ಉಡುಪು, ಹಳೆಬಟ್ಟೆ ಅಂಗಡಿಯ ಲಂಗ, ಕೈಯಾರೆ ಹೊಲಿದ ತೋಳು ಎಲ್ಲವೂ ಒಂದೇ ಮೈಮೇಲೆ. ಹರಾಜುಕುವಿನ ಹಿರಿಮೆ ಇರುವುದೇ ಈ ಕಲಬೆರಕೆಯಲ್ಲಿ, ಅದೂ ಯಾವ ಕಂಪನಿಯ ಅಪ್ಪಣೆಗೂ ಕಾಯದೆ ಹುಡುಗಿಯೊಬ್ಬಳು ತನಗೆ ತೋಚಿದಂತೆ ಮಾಡಿಕೊಳ್ಳುವ ಕಲಬೆರಕೆಯಲ್ಲಿ. ಮುಂದಿನ ಜಗಳ ಅರ್ಥವಾಗಬೇಕಾದರೆ ಈ ಅಂಶ ನೆನಪಿನಲ್ಲಿರಬೇಕು.

ತಂದೆ ಹೇಳಿದ ಕಥೆಗಳು

1969ರಲ್ಲಿ ಜನಿಸಿದ ಸ್ಟೆಫಾನಿ ಬೆಳೆದದ್ದು ಡಿಸ್ನಿಲ್ಯಾಂಡ್ ಖ್ಯಾತಿಯ ಅನಹೈಮ್ ನಗರದಲ್ಲಿ. ತಂದೆ ಯಮಹಾ ಸಂಸ್ಥೆಯ ಮಾರುಕಟ್ಟೆ ವಿಭಾಗದಲ್ಲಿದ್ದು, ಕೆಲಸದ ನಿಮಿತ್ತ ಜಪಾನಿಗೆ ಆಗಾಗ ಹೋಗಿಬರುತ್ತಿದ್ದರು. ಬೀದಿಯಲ್ಲಿ ಎಲ್ವಿಸ್ ವೇಷ ತೊಟ್ಟು ಕುಣಿಯುವವರ, ಬಣ್ಣದ ತಲೆಗೂದಲಿನ ಯುವತಿಯರ ಕಥೆಗಳನ್ನು ಅವರು ಮಗಳಿಗೆ ಹೇಳುತ್ತಿದ್ದರು. ಅಮೆರಿಕದ ಎಲ್ವಿಸ್ ಜಪಾನಿಗೆ ಹೋಗಿ, ಕಥೆಯಾಗಿ ಅಮೆರಿಕಕ್ಕೇ ಮರಳಿ ಬಂದದ್ದು ಹೀಗೆ. 'ನೋ ಡೌಟ್' ವಾದ್ಯತಂಡದ ಗಾಯಕಿಯಾಗಿ ಸ್ಟೆಫಾನಿ 1996ರಲ್ಲಿ ಜಪಾನಿನಲ್ಲಿ ಕಾಲಿಟ್ಟು ಹರಾಜುಕುವನ್ನು ಕಣ್ಣಾರೆ ಕಂಡರು.

ಇಲ್ಲಿ ಭಾರತೀಯ ಓದುಗರಿಗೆ ಆಸಕ್ತಿಯೆನಿಸುವ ಸಂಗತಿಯೊಂದಿದೆ. ಅದೇ ದಿನಗಳಲ್ಲಿ, 'ಟ್ರ್ಯಾಜಿಕ್ ಕಿಂಗ್‌ಡಮ್' (1995) ಸಂಪುಟದ ಯಶಸ್ಸಿನ ಕಾಲದಲ್ಲಿ, ಸ್ಟೆಫಾನಿಯ ಹಣೆಯ ಮೇಲೆ ಹೊಳೆಯುತ್ತಿದ್ದುದು ನಮ್ಮ ಬಿಂದಿ. ತಂಡದ ಬೇಸ್ ಗಿಟಾರ್ ವಾದಕ, ಹಿಂದೆ ಆಕೆಯ ಒಡನಾಡಿಯಾಗಿದ್ದ ಟೋನಿ ಕನಾಲ್ ಭಾರತೀಯ ಮೂಲದವರು. ಅವರ ಮನೆಯ ಹೆಂಗಸರ ಹಣೆಯ ಬೊಟ್ಟು ಆಕೆಗೆ ಹಿಡಿಸಿತು. ಪ್ರೇಮ ಮುರಿದು, ಆ ನೋವಿನಿಂದ 'ಡೋಂಟ್ ಸ್ಪೀಕ್' ಎಂಬ ಜಗತ್ಪ್ರಸಿದ್ಧ ಹಾಡು ಹುಟ್ಟಿತು. ಬಿಂದಿಯಂತೂ ಅಮೆರಿಕದ ಹುಡುಗಿಯರ ಫ್ಯಾಷನ್ ಆಯಿತು. ಅಂದರೆ ಕಣ್ಣಿಗೆ ಚೆಂದ ಕಂಡದ್ದನ್ನು ಎತ್ತಿಕೊಂಡು ಧರಿಸುವ ಸ್ವಭಾವ ಆಕೆಗೆ ಜಪಾನಿಗಿಂತ ಮೊದಲೇ ಇತ್ತು. ಬಿಂದಿಯ ವಿಷಯದಲ್ಲಿ ನಮ್ಮಲ್ಲಿ ಹಲವರಿಗೆ ಅದು ಹೆಮ್ಮೆಯೆನಿಸಿದ್ದೂ ಸುಳ್ಳಲ್ಲ. ಅಮೆರಿಕದ ಶಾಲೆಯಲ್ಲಿ ಅದೇ ಬೊಟ್ಟಿಗಾಗಿ ಗೇಲಿಗೊಳಗಾದ ಭಾರತೀಯ ಹುಡುಗಿಗೆ ಹಾಗೆ ಅನ್ನಿಸಿರಲಾರದು.

'ಲವ್', 'ಏಂಜೆಲ್', 'ಮ್ಯೂಸಿಕ್', 'ಬೇಬಿ'

ಪಾಶ್ಚಾತ್ಯ ಪಾಪ್ ಲೋಕ ಜಪಾನಿನತ್ತ ಕೈಚಾಚಿದ್ದು ಅದೇ ಮೊದಲಲ್ಲ. ಡೇವಿಡ್ ಬೋವಿ 1973ರಲ್ಲಿಯೇ ವಿನ್ಯಾಸಕಾರ ಕಾನ್ಸಾಯ್ ಯಮಾಮೊಟೊ ಅವರ ಉಡುಪು ತೊಟ್ಟಿದ್ದರು. ಮಡೋನಾ 1999ರ ವಿಡಿಯೊ ಒಂದರಲ್ಲಿ ಗೇಶಾ ವೇಷ ಧರಿಸಿದ್ದರು. ಆದರೆ 2000ದ ದಶಕದ ಆರಂಭದ ಗಾಳಿಯೇ ಬೇರೆ. ಪತ್ರಕರ್ತ ಡಗ್ಲಸ್ ಮೆಕ್‌ಗ್ರೇ 2002ರಲ್ಲಿ 'ಫಾರಿನ್ ಪಾಲಿಸಿ' ಪತ್ರಿಕೆಯಲ್ಲಿ, ಆರ್ಥಿಕವಾಗಿ ಬಳಲಿದ್ದ ಜಪಾನ್ ಸಾಂಸ್ಕೃತಿಕವಾಗಿ ಮಹಾಶಕ್ತಿಯಾಗುತ್ತಿದೆ ಎಂದು ವಾದಿಸಿದರು. 2003ರಲ್ಲಿ ಹಯಾವೊ ಮಿಯಾಝಾಕಿ ಅವರ 'ಸ್ಪಿರಿಟೆಡ್ ಅವೇ' ಚಿತ್ರಕ್ಕೆ ಆಸ್ಕರ್ ದೊರೆಯಿತು. ಕಲಾವಿದ ತಕಾಶಿ ಮುರಕಾಮಿ ಅವರ ಬಣ್ಣಗಳು ಲೂಯಿ ವಿಟಾನ್ ಕೈಚೀಲಗಳ ಮೇಲೆ ಬಂದವು. 'ಕಿಲ್ ಬಿಲ್' ಚಿತ್ರದ ನಡುವೆ ಅನಿಮೆ ತುಣುಕು ಕಾಣಿಸಿಕೊಂಡಿತು. ಸ್ಟೆಫಾನಿಯ ಸಂಪುಟ ಬಂದದ್ದು ಇಂತಹ ಹದವಾದ ಹೊತ್ತಿನಲ್ಲಿ.

ಲಿಂಡಾ ಪೆರಿ ಜತೆ ಬರೆದ ಮೊದಲ ಹಾಡು 'ವಾಟ್ ಯು ವೇಟಿಂಗ್ ಫಾರ್?'ನಲ್ಲಿಯೇ ಹರಾಜುಕು ಹುಡುಗಿಯರ ಪ್ರಸ್ತಾಪವಿದೆ. ಈವ್ ಜತೆಗೂಡಿ ಹಾಡಿದ 'ರಿಚ್ ಗರ್ಲ್'ನಲ್ಲಿ ಅವರು ಮತ್ತೆ ಬರುತ್ತಾರೆ. ಜಿಮ್ಮಿ ಜಾಮ್ ಮತ್ತು ಟೆರಿ ಲೂಯಿಸ್ ನಿರ್ಮಿಸಿದ 'ಹರಾಜುಕು ಗರ್ಲ್ಸ್' ಎಂಬ ಹಾಡಂತೂ ಪೂರ್ತಿಯಾಗಿ ಆ ಬೀದಿಯ ಸ್ತುತಿಯೇ. ವೆಸ್ಟ್‌ವುಡ್, ಗ್ಯಾಲಿಯಾನೊ ಮೊದಲಾದ ಯುರೋಪಿನ ವಿನ್ಯಾಸಕಾರರ ಹೆಸರುಗಳೂ ಅದರಲ್ಲಿವೆ. ಪಶ್ಚಿಮದಿಂದ ಬಂದದ್ದನ್ನು ಟೋಕಿಯೊದ ಹುಡುಗಿಯರು ತಮ್ಮದಾಗಿಸಿಕೊಂಡ ಬಗೆಗೆ ಸ್ಟೆಫಾನಿ ಬೆರಗಾಗಿದ್ದಾರೆ ಎಂಬುದು ಸ್ಪಷ್ಟ. ಸಂಗೀತದ ದೃಷ್ಟಿಯಿಂದ ಮಾತ್ರ ಇಲ್ಲಿ ಜಪಾನ್ ಬಹಳ ಕಡಿಮೆ. ಧ್ವನಿಯೆಲ್ಲ ಅಮೆರಿಕದ ಎಂಬತ್ತರ ದಶಕದ ನೃತ್ಯಸಂಗೀತ ಮತ್ತು ಹಿಪ್ ಹಾಪ್. ಪ್ರಭಾವ ಕಿವಿಗಿಂತ ಕಣ್ಣಿಗೆ ಹೆಚ್ಚು.

ಆ ಕಣ್ಣಿನ ಪ್ರಭಾವಕ್ಕೆ ರೂಪ ಕೊಟ್ಟವರು ನಾಲ್ವರು ನರ್ತಕಿಯರು. 'ಹರಾಜುಕು ಗರ್ಲ್ಸ್' ಎಂಬ ಸಾಮೂಹಿಕ ನಾಮಧೇಯದ ಈ ನಾಲ್ವರಿಗೆ ಸಂಪುಟದ ಶೀರ್ಷಿಕೆಯ ಒಂದೊಂದು ಪದವನ್ನು ಹೆಸರಾಗಿ ಹಂಚಲಾಯಿತು: ಲವ್, ಏಂಜೆಲ್, ಮ್ಯೂಸಿಕ್, ಬೇಬಿ. ನಾಲ್ವರಲ್ಲಿ ಒಬ್ಬಾಕೆ ಜಪಾನಿ ಮೂಲದ ಅಮೆರಿಕನ್. ವಿಡಿಯೊಗಳಲ್ಲಿ, ವೇದಿಕೆಯಲ್ಲಿ, ಪ್ರಶಸ್ತಿ ಸಮಾರಂಭಗಳ ಕೆಂಪುಹಾಸಿನ ಮೇಲೆ ಕೂಡ ಅವರು ಗಾಯಕಿಯ ಹಿಂದೆ, ಅಕ್ಕಪಕ್ಕ, ಹೊಂದಿಕೆಯಾದ ಉಡುಪಿನಲ್ಲಿ, ತುಟಿ ಬಿಚ್ಚದೆ ನಿಂತಿರುತ್ತಿದ್ದರು. ಸಾರ್ವಜನಿಕವಾಗಿ ಇಂಗ್ಲಿಷ್ ಮಾತನಾಡಕೂಡದೆಂದು ಒಪ್ಪಂದವಿದೆ ಎಂಬ ಸುದ್ದಿಯೂ ಹಬ್ಬಿತ್ತು. ಸುದ್ದಿಯ ಸತ್ಯಾಸತ್ಯತೆ ಏನೇ ಇರಲಿ, ನೋಡುವವರಿಗೆ ಅವರು ಮಾತನಾಡುವವರಾಗಿ ಕಂಡದ್ದು ವಿರಳ.

ಸಂಪುಟ ಭರ್ಜರಿಯಾಗಿ ಗೆದ್ದಿತು. 'ಹೊಲ್ಲಾಬ್ಯಾಕ್ ಗರ್ಲ್' 2005ರಲ್ಲಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಅಮೆರಿಕದಲ್ಲಿ ಹತ್ತು ಲಕ್ಷ ಡಿಜಿಟಲ್ ಡೌನ್‌ಲೋಡ್ ಕಂಡ ಪ್ರಥಮ ಹಾಡು ಎಂಬ ದಾಖಲೆಯೂ ಅದರದೇ. ಅದೇ ವರ್ಷದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಉತ್ತರ ಅಮೆರಿಕದಲ್ಲಿ ನಡೆದ ಸಂಗೀತ ಪ್ರವಾಸದ ಹೆಸರು 'ಹರಾಜುಕು ಲವರ್ಸ್'. ಬಟ್ಟೆ, ಚೀಲ, ಲೇಖನಸಾಮಗ್ರಿಗಳ ಸರಕಿಗೂ ಅದೇ ಹೆಸರು. 2008ರಲ್ಲಿ ಮಾರುಕಟ್ಟೆಗೆ ಬಂದ ಸುಗಂಧದ್ರವ್ಯದ ಐದು ಸೀಸೆಗಳು ಗೊಂಬೆಗಳ ರೂಪದಲ್ಲಿದ್ದವು. ನಾಲ್ಕು ನರ್ತಕಿಯರದು, ಒಂದು ಗಾಯಕಿಯದು.

ಆಕ್ಷೇಪವೇನು?

ಮೊದಲ ಗಟ್ಟಿ ದನಿ ಎತ್ತಿದವರು ಕೊರಿಯಾ ಮೂಲದ ಅಮೆರಿಕನ್ ಹಾಸ್ಯ ಕಲಾವಿದೆ ಮಾರ್ಗರೆಟ್ ಚೋ. 2005ರಲ್ಲಿ ಅವರು ಈ ನಾಲ್ವರ ಪ್ರದರ್ಶನವನ್ನು 'ಮಿನ್‌ಸ್ಟ್ರೆಲ್ ಶೋ'ಗೆ, ಅಂದರೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ಹಳೆಯ ರಂಗಪ್ರಕಾರಕ್ಕೆ ಹೋಲಿಸಿದರು. ಅದೇ ವರ್ಷ 'ಸಲೋನ್' ಅಂತರ್ಜಾಲ ಪತ್ರಿಕೆಯಲ್ಲಿ ಮಿಹಿ ಆನ್, ಬಂಡಾಯದ ಬೀದಿಯೊಂದನ್ನು ವಿಧೇಯ ಗೊಂಬೆಗಳ ಸಾಲಾಗಿ ಮಾರ್ಪಡಿಸಲಾಗಿದೆ ಎಂಬರ್ಥದ ಟೀಕೆ ಬರೆದರು. ಸ್ಟೆಫಾನಿ ಈ ಆರೋಪಗಳನ್ನು ಒಪ್ಪಿಕೊಂಡಿಲ್ಲ. ತಾನು ಅಭಿಮಾನಿ, ಅಭಿಮಾನದ ಕಾಣಿಕೆಯನ್ನೇ ಸಲ್ಲಿಸಿದ್ದೇನೆ, ಸಂಸ್ಕೃತಿಗಳು ಒಂದಕ್ಕೊಂದು ಚೆಂಡಾಟದಂತೆ ಕೊಟ್ಟು ತೆಗೆದುಕೊಳ್ಳುತ್ತವೆ ಎಂಬುದು ಆರಂಭದಿಂದ 2023ರವರೆಗೂ ಆಕೆಯ ನಿಲುವು.

ಕೊಡುಕೊಳ್ಳುವಿಕೆಯ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಲ್ವಿಸ್ ವೇಷದ ಕುಣಿತಗಾರರೂ ವೆಸ್ಟ್‌ವುಡ್ ಉಡುಪಿನ ಹುಡುಗಿಯರೂ ಅದಕ್ಕೆ ಜೀವಂತ ಸಾಕ್ಷಿ. ಎರವಲು ಪಡೆಯುವುದೇ ಅಪರಾಧವಾದರೆ ಹರಾಜುಕುವೇ ಮೊದಲ ಆರೋಪಿ. ಟೀಕಿಸಿದವರಲ್ಲಿ ಪ್ರಮುಖರು ಟೋಕಿಯೊದವರಲ್ಲ, ಏಷ್ಯಾ ಮೂಲದ ಅಮೆರಿಕನ್ನರು ಎಂಬುದೂ ಗಮನಾರ್ಹ. ಅದಕ್ಕೆ ಕಾರಣವಿದೆ. ಟೋಕಿಯೊದಲ್ಲಿ ಬಹುಸಂಖ್ಯಾತಳಾಗಿರುವ ಯುವತಿಗೆ ಅಮೆರಿಕದ ಹಾಡೊಂದು ದೂರದ ಕೌತುಕ. ಕ್ಯಾಲಿಫೋರ್ನಿಯಾದ ಶಾಲೆಯಲ್ಲಿ ಓದುವ ಏಷ್ಯಾ ಮೂಲದ ಹುಡುಗಿಗಾದರೋ, ಮಾತಾಡದೆ ಬಾಯಿಗೆ ಕೈಯಿಟ್ಟು ನಗುವ ಹೆಣ್ಣೆಂದರೆ ಪ್ರತಿದಿನ ತನ್ನ ಮೇಲೆ ಹೇರಲ್ಪಡುವ ಚಿತ್ರ. ಆಗ ಪರದೆಯ ಮೇಲೆ ತನ್ನಂತಹ ಮುಖಗಳೇ ಅಪರೂಪವಾಗಿದ್ದವು ಎಂದು ಚೋ ಅವರೂ ನೆನಪಿಸಿದ್ದರು.

ಈ ವರದಿಗಾರನಿಗೆ ಅನ್ನಿಸುವಂತೆ, ತೊಡಕು ಇರುವುದು ಉಡುಪಿನಲ್ಲಿ ಅಲ್ಲ, ಹೆಸರುಗಳಲ್ಲಿ. 'ಫ್ರೂಟ್ಸ್' ಪುಟದ ಹುಡುಗಿಗೆ ಹೆಸರಿತ್ತು, ವಯಸ್ಸಿತ್ತು, ಯಾವ ಬಟ್ಟೆ ಎಲ್ಲಿಯದೆಂಬ ವಿವರವಿತ್ತು. ತನ್ನ ಬೆಡಗಿಗೆ ಅವಳೇ ಕರ್ತೃ. ಸ್ಟೆಫಾನಿಯ ವೇದಿಕೆಗೆ ಬರುವಾಗ ಅವಳು 'ಬೇಬಿ'ಯಾದಳು, ಬಳಿಕ ಸೀಸೆಯಾದಳು.

ನಂತರದ ದಿನಗಳು

2006ರ ಡಿಸೆಂಬರ್‌ನಲ್ಲಿ ಬಂದ ಎರಡನೆಯ ಸಂಪುಟ 'ದ ಸ್ವೀಟ್ ಎಸ್ಕೇಪ್'ನ ಕಾಲದಲ್ಲಿಯೂ ನರ್ತಕಿಯರು ಜತೆಗಿದ್ದರು. 2015ರಲ್ಲಿ ಸ್ಟೆಫಾನಿ ಸೃಷ್ಟಿಸಿದ 'ಕೂ ಕೂ ಹರಾಜುಕು' ಎಂಬ ಮಕ್ಕಳ ಅನಿಮೇಷನ್ ಸರಣಿ ಪ್ರಸಾರವಾಗತೊಡಗಿತು. 2024ರ ಸಂಪುಟ 'ಬೊಕೆ'ಯ ಹೊತ್ತಿಗೆ ಆಕೆ ಹರಾಜುಕುವಿನಿಂದ ಬಹು ದೂರ ಸರಿದು ಹಳ್ಳಿಗಾಡಿನ ಛಾಯೆಯ ಸಂಗೀತದತ್ತ ಹೊರಳಿದ್ದರು.

ಹರಾಜುಕು ಕೂಡ ಮೊದಲಿನಂತೆ ಉಳಿದಿಲ್ಲ. 2008ರಲ್ಲಿ ಅಲ್ಲಿ ಎಚ್ ಅಂಡ್ ಎಂ ಮಳಿಗೆ ತೆರೆಯಿತು. ಅಗ್ಗದ ಸಿದ್ಧ ಉಡುಪುಗಳ ಬಹುರಾಷ್ಟ್ರೀಯ ಅಂಗಡಿಗಳು ಹೆಚ್ಚಾದವು. ಚಿತ್ರ ತೆಗೆಯುವಂತಹ ಹುಡುಗ ಹುಡುಗಿಯರೇ ಸಿಗುತ್ತಿಲ್ಲವೆಂಬ ಕಾರಣ ನೀಡಿ ಆಓಕಿ 2017ರಲ್ಲಿ 'ಫ್ರೂಟ್ಸ್' ನಿಲ್ಲಿಸಿದರು. 1924ರ ಮರದ ರೈಲು ನಿಲ್ದಾಣದ ಬದಲು 2020ರಲ್ಲಿ ಗಾಜಿನ ಹೊಸ ಕಟ್ಟಡ ಬಳಕೆಗೆ ಬಂದು, ಹಳೆಯದನ್ನು ಕಳಚಲಾಯಿತು.

ಇನ್ನು ಆ ನಾಲ್ವರಲ್ಲಿ 'ಮ್ಯೂಸಿಕ್' ಆಗಿದ್ದವರು ಓಕಿನಾವಾ ಮೂಲದ ರಿನೊ ನಾಕಸೋನೆ. 2009ರಲ್ಲಿ 'ಅಮೆರಿಕಾಸ್ ಬೆಸ್ಟ್ ಡ್ಯಾನ್ಸ್ ಕ್ರೂ' ಟಿವಿ ಸ್ಪರ್ಧೆಯಲ್ಲಿ ಆಕೆ, 'ಲವ್' ಆಗಿದ್ದ ಮಾಯಾ ಚಿನೊ ಅವರೊಂದಿಗೆ 'ಬೀಟ್ ಫ್ರೀಕ್ಸ್' ತಂಡದಲ್ಲಿ ತಮ್ಮ ಸ್ವಂತ ಹೆಸರಿನಲ್ಲಿಯೇ ಕುಣಿದು ದ್ವಿತೀಯ ಸ್ಥಾನ ಪಡೆದರು. ಅಷ್ಟರಲ್ಲಿ ರಿನೊ ದಕ್ಷಿಣ ಕೊರಿಯಾದ 'ಶೈನಿ' ತಂಡದ ಚೊಚ್ಚಲ ಹಾಡು 'ರಿಪ್ಲೇ'ಗೆ ನೃತ್ಯ ಸಂಯೋಜಿಸಿಯಾಗಿತ್ತು. 2009ರಲ್ಲಿ 'ಗರ್ಲ್ಸ್ ಜನರೇಷನ್' ತಂಡದ 'ಜೀನೀ' ಹಾಡಿಗೆ ಹೆಜ್ಜೆ ಹೊಂದಿಸಿದವರೂ ಅವರೇ. ಆ ಹಾಡಿನ ಕಾಲ್ಚಳಕವನ್ನು ಕೊರಿಯಾದ, ಮರುವರ್ಷ ಜಪಾನಿನ ಹುಡುಗಿಯರು ಕನ್ನಡಿಯ ಮುಂದೆ ನಿಂತು ಕಲಿತರು.